ಬಿಸಿಗಾಳಿಯ ದಿನದ ಒಲೆ

ಬೆಳಿಗ್ಗೆ ಎಂಟು ಗಂಟೆಗೇ ರಸ್ತೆಯ ಡಾಂಬರು ಮೆತ್ತಗಾಗತೊಡಗಿತ್ತು. ಐನ್ ಬಲ್ಲೂತ್ ಊರಿನ ತಿರುವಿನಲ್ಲಿ ಸಲೂಹಾ ತನ್ನ ತಬೂನದ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಮಣ್ಣಿನ ಒಲೆಯ ಬಾಯಿಗೆ ಒಣ ಕಡ್ಡಿ ತುರುಕುತ್ತಿದ್ದಳು. ಮರುಭೂಮಿಯ ಕಡೆಯಿಂದ ಬರುವ ಶಹೀಲಿ ಗಾಳಿ ಹಿಂದಿನ ಸಂಜೆಯೇ ಎದ್ದಿತ್ತು. ನಾದಿಟ್ಟ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಬಟ್ಟೆ ಗರಿಗರಿಯಾಗಿ ಒಣಗಿ, ಹಿಟ್ಟಿನ ಮೇಲೆ ಹಕ್ಕಳೆ ಕಟ್ಟುತ್ತಿತ್ತು. ಆದರೂ ಅದು ಆಗಸ್ಟ್ ತಿಂಗಳು. ತಬರ್ಕಾದ ಕಡಲಿಗೆ ಹೋಗುವ ಕಾರುಗಳು ಬಿಸಿ ರೊಟ್ಟಿಗೆಂದು ಆ ತಿರುವಿನಲ್ಲಿ ನಿಲ್ಲುವುದು ವರ್ಷದಲ್ಲಿ ಆರೇ ವಾರ. ಉಳಿದ ತಿಂಗಳೆಲ್ಲ ಆ ಆರು ವಾರದ ದುಡಿಮೆಯ ಮೇಲೇ ನಡೆಯಬೇಕು.

ಅರಣ್ಯದ ಹಸಿರು ಪಿಕಪ್ಪು ಬಂದು ನಿಂತಾಗ ಅವಳು ತಲೆಯೆತ್ತಲಿಲ್ಲ. ಇಳಿದವನು ತೀಜಾನಿ, ಆ ಗುಡ್ಡದ ಕಾವಲುಗಾರ. ಅವನ ಬೂಟಿನ ಸದ್ದು ಅವಳಿಗೆ ಒಂಬತ್ತು ವರ್ಷದಿಂದ ಗೊತ್ತು. ಕಾಡಿನಲ್ಲಿ ಇದ್ದಿಲು ಸುಟ್ಟನೆಂದು ಅವಳ ಗಂಡ ಅಮ್ಮಾರನ ಮೇಲೆ ಕೇಸು ಬರೆದವನು, ಅವನ ಕೊಡಲಿ ಕಿತ್ತುಕೊಂಡವನು ಇವನೇ. ಅಮ್ಮಾರ್ ಜೈಲಿನಲ್ಲಿ ಇಪ್ಪತ್ತು ದಿನವಿದ್ದು ಕೆಮ್ಮು ಹಿಡಿಸಿಕೊಂಡು ಬಂದ. ಮರುವರ್ಷವೇ ಸತ್ತ. ಕೆಮ್ಮು ಜೈಲಿನದೋ, ಇದ್ದಿಲ ಹೊಗೆಯದೋ ಯಾರೂ ಹೇಳಲಾರರು. ಸಲೂಹಾ ಮಾತ್ರ ಹೇಳುತ್ತಿದ್ದಳು.

"ಅಕ್ಕಾ, ಇವತ್ತು ಒಲೆ ಹಚ್ಬೇಡ," ಎಂದ ತೀಜಾನಿ.

"ಯಾಕೆ, ಸರ್ಕಾರದೋರು ಇವತ್ತು ನಮ್ಮನೆಗೆ ಊಟ ಕಳಿಸ್ತಾರಾ?"

"ತಮಾಷೆ ಅಲ್ಲ. ನಲವತ್ತಾರು ಡಿಗ್ರಿ ಮುಟ್ಟತ್ತೆ ಅಂತ ವೈರ್‌ಲೆಸ್‌ನಲ್ಲಿ ಹೇಳಿದಾರೆ. ಗಾಳೀಲಿ ತೇವ ಅನ್ನೋದೇ ಇಲ್ಲ. ಮಧ್ಯಾಹ್ನಕ್ಕೆ ಇನ್ನೂ ಜೋರಾಗತ್ತೆ. ಹೋದ ವಾರ ಒಂದು ಕಿಡಿ ಬಿದ್ದಿದ್ರೆ ಕಾಲಲ್ಲಿ ಹೊಸಕಿ ಹಾಕಬಹುದಿತ್ತು. ಇವತ್ತು ಬಿದ್ರೆ ನಾನೂ ನೀನೂ ಓಡಬೇಕು, ಅಷ್ಟೆ."

"ನಮ್ಮತ್ತೆಯ ಅತ್ತೆ ಕಾಲದಿಂದ ಈ ತಿರುವಲ್ಲಿ ಒಲೆ ಉರೀತಿದೆ. ಅವಾಗೆಲ್ಲ ಶಹೀಲಿ ನಿಮ್ಮಪ್ಪನ ಹತ್ರ ಅಪ್ಪಣೆ ಕೇಳ್ಕೊಂಡು ಬೀಸ್ತಿತ್ತಾ?"

"ಅವಾಗ ಚಳಿಗಾಲದಲ್ಲಿ ಮಳೆ ಬೀಳ್ತಿತ್ತು. ಈ ಮೂರು ವರ್ಷದಲ್ಲಿ ಸರಿಯಾಗಿ ಬಿದ್ದಿದ್ದು ನೀನೇ ನೋಡಿದ್ರೆ ಹೇಳು. ಕೆಳಗಿನ ಕೊರಕಲು ನೋಡು, ಪೊದೆಯೆಲ್ಲ ಹಪ್ಪಳ ಆಗಿದೆ."

ಸಲೂಹಾ ಈಗ ಎದ್ದು ನಿಂತಳು. "ಹಪ್ಪಳ ಮಾಡಿದೋರು ಯಾರು? ಪೊದೆ ಕಡಿಯೋಕೆ ಬಿಡಲ್ಲ. ಮೇಕೆ ಬಿಡೋಕೆ ಬಿಡಲ್ಲ. ಬಿದ್ದ ಕೊಂಬೆ ಎತ್ತಿದ್ರೆ ಕೇಸು. ಕಾಡನ್ನ ಸೌದೆ ಕೊಟ್ಟಿಗೆ ಮಾಡಿಟ್ಟು ಈಗ ನನ್ನ ಒಲೆ ಮೇಲೆ ಕಣ್ಣು ಹಾಕ್ತಿದೀರ."

ತೀಜಾನಿ ಕೊರಕಲಿನ ಕಡೆ ನೋಡಿದ. "ಅದೂ ನಿಜ ಇರಬಹುದು. ಆ ಜಗಳ ಗಾಳಿ ನಿಂತ ಮೇಲೆ ಆಡೋಣ. ಇವತ್ತು ಬೇಡ."

"ಅಮ್ಮಾರನ ಕೊಡಲಿ ತಂದಿದೀಯಾ? ತಂದಿದ್ರೆ ಮಾತಾಡೋಣ."

ಹತ್ತು ಹೆಜ್ಜೆ ಆಚೆ ಇನ್ನೊಂದು ಒಲೆ ಹನಿಯಾಳದು. ರಸ್ತೆಯ ಮೇಲ್ಭಾಗದ ಏರಿನಲ್ಲಿ ಅವಳ ಮನೆ, ಮೇಕೆದೊಡ್ಡಿ, ಒಂದಿಷ್ಟು ಆಲಿವ್ ಮರ. ಅವಳು ಇನ್ನೂ ಹಚ್ಚದ ಒಲೆಯ ಬಾಯಿ ಮುಚ್ಚಿ, ಹಿಟ್ಟಿನ ಪಾತ್ರೆಯನ್ನು ತಲೆಗೇರಿಸಿಕೊಂಡಳು.

"ನಾನು ಮನೆಗೆ ಹೋಗ್ತೀನಿ ಅಕ್ಕಾ. ಇವ್ನ ಮಾತಿಗೆ ಅಂತಲ್ಲ. ಈ ಗಾಳಿ ಕಂಡ್ರೆ ನಂಗೆ ಭಯ."

"ಹೋಗಮ್ಮ ಹೋಗು," ಸಲೂಹಾ ನಕ್ಕಳು. "ಹಸಿರು ಟೋಪಿ ಕಂಡ್ರೆ ನಲವತ್ತಾರು ಡಿಗ್ರೀಲೂ ಚಳಿಜ್ವರ ಬರತ್ತೆ ನಿಂಗೆ. ನಿನ್ನ ಗಿರಾಕಿಗಳ್ನೆಲ್ಲ ನಾನೇ ನೋಡ್ಕೋತೀನಿ, ಚಿಂತೆ ಬಿಡು."

ಹನಿಯಾ ಏರು ಹತ್ತಿ ಹೋದಳು. ಸಲೂಹಾ ತನ್ನ ಒಲೆಗೆ ಬೆಂಕಿಯಿಟ್ಟಳು.

ತೀಜಾನಿ ಪಿಕಪ್ಪಿನಿಂದ ಒಂದು ಬಕೆಟ್ ನೀರು ತಂದ. "ಆರಿಸೋ ಅಧಿಕಾರ ನಂಗಿದೆ," ಎಂದ. ದನಿ ಮಾತ್ರ ಗಟ್ಟಿ ಇರಲಿಲ್ಲ. ಅಷ್ಟರಲ್ಲಿ ಎರಡು ಕಾರುಗಳು ಬಂದು ನಿಂತಿದ್ದವು. ಬಣ್ಣದ ಟೋಪಿ ಹಾಕಿದ ಮಕ್ಕಳು, ಫೋನು ಎತ್ತಿ ಹಿಡಿದ ತಾಯಂದಿರು.

"ಸುರಿ, ಸಾಹೇಬ," ಎಂದಳು ಸಲೂಹಾ, ಅವರಿಗೆಲ್ಲ ಕೇಳುವಂತೆ. "ಮೊದಲು ಗಂಡನ್ನ ತಿಂದೆ. ಈಗ ವಿಧವೆಯ ಒಲೆಗೆ ನೀರು ಸುರಿ. ಎಲ್ರೂ ನೋಡ್ತಿದಾರೆ, ಚೆನ್ನಾಗಿ ಸುರಿ."

ಅವನ ಮುಖ ಕೆಂಪೇರಿತು. ಬಕೆಟ್ಟನ್ನು ಹಾಗೇ ಹಿಂದಕ್ಕೆ ಒಯ್ದು ಪಿಕಪ್ಪಿನಲ್ಲಿಟ್ಟು ಹೊರಟುಹೋದ.

ಆ ದಿನ ಹನಿಯಾಳ ಗಿರಾಕಿಗಳೂ ಸಲೂಹಾಳಿಗೇ ಬಂದರು. ಒಲೆಯ ಒಳಗೋಡೆಗೆ ರೊಟ್ಟಿ ಬಡಿದು ಬಡಿದು ಅವಳ ತೋಳು ಸೋತಿತು. ಹನ್ನೆರಡರ ಸುಮಾರಿಗೆ ಒಲೆಯಲ್ಲಿ ಬೂದಿ ತುಂಬಿ, ರೊಟ್ಟಿ ಬೇಯುವುದು ನಿಧಾನವಾಯಿತು. ಕಾರಿನಲ್ಲಿ ಕೂತವರು ಹಾರ್ನ್ ಒತ್ತುತ್ತಿದ್ದರು. ಅವಳು ಬೂದಿಯನ್ನು ಬೋಗುಣಿಗೆ ಬಾಚಿ, ದಿನವೂ ಮಾಡುವಂತೆ ರಸ್ತೆಯಂಚಿನಿಂದ ಕೊರಕಲಿಗೆ ಚೆಲ್ಲಿದಳು. ಬೂದಿ ಮೇಲೆ ಬೆಳ್ಳಗಿತ್ತು, ಸತ್ತಂತೆ ಕಾಣುತ್ತಿತ್ತು. ಗಾಳಿ ಅದನ್ನು ನೆಲಕ್ಕೆ ಬೀಳಲೂ ಬಿಡದೆ ಎತ್ತಿಕೊಂಡು ಹೋಯಿತು. ಅವಳು ಕಣ್ಣಿಗೆ ಸೆರಗು ಅಡ್ಡ ಹಿಡಿದು ಒಲೆಯ ಕಡೆಗೆ ತಿರುಗಿದಳು.

ನಾಲ್ಕು ರೊಟ್ಟಿ ಬೇಯುವಷ್ಟರಲ್ಲಿ ಕಾರಿನಲ್ಲಿದ್ದ ಹೆಂಗಸೊಬ್ಬಳು, "ಅದೇನು ಹೊಗೆ?" ಎಂದು ಕೇಳಿದಳು.

ಕೊರಕಲಿನಲ್ಲಿ ಬೀಡಿ ಹೊಗೆಯಷ್ಟು ತೆಳುವಾದ ಎಳೆಯೊಂದು ಏಳುತ್ತಿತ್ತು. ಸಲೂಹಾ ಕೈ ತೊಳೆಯುವ ನೀರಿನ ಪಾತ್ರೆ ಹಿಡಿದು ಇಳಿದಳು. ಇಪ್ಪತ್ತು ಹೆಜ್ಜೆ ಇಳಿಯುವಷ್ಟರಲ್ಲಿ ಆ ಎಳೆ ಗೋಡೆಯಾಗಿತ್ತು. ಪೊದೆಗಳು ಬೆಂಕಿ ತಾಗುವ ಮೊದಲೇ ಪಟಪಟ ಸಿಡಿಯುತ್ತಿದ್ದವು. ಅವಳು ನೀರು ಎರಚಿದ್ದು ಎಲ್ಲಿ ಬಿತ್ತೆಂದು ಅವಳಿಗೇ ಕಾಣಲಿಲ್ಲ. ಗಾಳಿ ಒಮ್ಮೆ ಹೊರಳಿತು. ಬೆಂಕಿ ರಸ್ತೆಯನ್ನು ಹಾರಿ ಆಚೆ ದಂಡೆಗೆ ಬಿತ್ತು. ಅಲ್ಲಿಂದ ಏರು ಹಿಡಿದು ನೇರ ಹನಿಯಾಳ ಮನೆಯ ಕಡೆ ಓಡಿತು.

ಸಲೂಹಾ ಕೂಗಿದಳು. ದನಿ ಎಷ್ಟು ದೂರ ಹೋಯಿತೋ ತಿಳಿಯದು. ಕಾರುಗಳು ಒಂದಕ್ಕೊಂದು ಉಜ್ಜಿಕೊಂಡು ತಿರುಗಿ ಓಡಿದವು. ಊರಿನವರು ಹಸಿ ಕೊಂಬೆ, ಬಕೆಟ್ಟು, ಒದ್ದೆ ಗೋಣಿ ಹಿಡಿದು ಬಂದರು. ಮೊದಲು ಬಂದದ್ದು ತೀಜಾನಿಯ ಪಿಕಪ್ಪು. ಅದರ ತೊಟ್ಟಿಯ ನೀರು ಹತ್ತು ನಿಮಿಷಕ್ಕೆ ಮುಗಿಯಿತು. ಬೆಂಕಿ ಆರಿಸುವ ದೊಡ್ಡ ಗಾಡಿ ಪಟ್ಟಣದಿಂದ ಏರಿ ಬರಲು ಒಂದೂವರೆ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅವನು ಬತ್ತಿದ ಪೈಪು ಹಿಡಿದು ರಸ್ತೆಯ ಮೇಲೆ ನಿಂತು ವೈರ್‌ಲೆಸ್‌ನಲ್ಲಿ ಕೂಗುತ್ತಿದ್ದದ್ದನ್ನು ಊರೆಲ್ಲ ನೋಡಿತು.

ಹನಿಯಾ ತನ್ನ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹೊರಗೆ ತಂದಳು. ಅವಳ ಗಂಡ ಸಾಲಹ್ ಮೇಕೆದೊಡ್ಡಿಯ ಕಬ್ಬಿಣದ ಗೇಟು ತೆಗೆಯಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡ. ಗೇಟು ತೆಗೆಯಲಾಗಲಿಲ್ಲ. ಹನ್ನೊಂದು ಮೇಕೆಗಳು ಒಳಗೇ ಉಳಿದವು.

ಸಂಜೆ ಶಾಲೆಯ ಜಗಲಿಯಲ್ಲಿ ಮನೆ ಕಳೆದುಕೊಂಡವರು ಕೂತಿದ್ದರು. ಸಲೂಹಾಳ ಮೈದುನ ಜಲ್ಲೂಲ್ ಅವಳನ್ನು ಪಕ್ಕಕ್ಕೆ ಕರೆದ. ಅಣ್ಣ ಸತ್ತ ಮೇಲೆ ಅವಳ ಮನೆಗೆ ಗಂಡು ದಿಕ್ಕು ಅವನೇ.

"ಅತ್ತಿಗೆ, ನಿನ್ನ ಒಲೆ ಮುಚ್ಚಿತ್ತು ತಾನೆ?"

"ಮುಚ್ಚಿತ್ತು," ಎಂದಳು. ಆ ಸುಳ್ಳು ಅವಳು ಯೋಚಿಸುವ ಮೊದಲೇ ಹೊರಬಿದ್ದಿತ್ತು.

ಜಲ್ಲೂಲ್ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವಳ ಬೂದಿ ಮೆತ್ತಿದ ಕೈಗಳನ್ನು ನೋಡಿದ. "ಹಾಗಾದ್ರೆ ಸರಿ. ಯಾರು ಕೇಳಿದ್ರೂ ಹಾಗೇ ಹೇಳು. ಬೆಳಿಗ್ಗೆ ಆ ಹಸಿರು ಗಾಡಿ ತಿರುವಲ್ಲಿ ನಿಂತಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಬೇರೆ ಯಾರೂ ಅಲ್ಲಿರಲಿಲ್ಲ."

"ಅವ್ನು ಬಂದಿದ್ದು..."

"ಯಾಕೆ ಬಂದಿದ್ದ ಅಂತ ನಾನು ಕೇಳ್ಲಿಲ್ಲ. ಅಣ್ಣನ್ನ ನೆನೆಸ್ಕೋ."

ಮರುದಿನದ ಹೊತ್ತಿಗೆ ಊರಿಗೆಲ್ಲ ಕಾರಣ ಗೊತ್ತಾಗಿತ್ತು. ಸುಟ್ಟ ಮರ ಹರಾಜು ಹಾಕಲು ಅರಣ್ಯದವರೇ ಹಚ್ಚಿದ್ದು. ಇಲ್ಲದಿದ್ದರೆ ತೀಜಾನಿ ಅಷ್ಟು ಬೇಗ ಹೇಗೆ ಬಂದ? ತೊಟ್ಟಿಯಲ್ಲಿ ನೀರು ಯಾಕೆ ಕಡಿಮೆ ಇತ್ತು? ಮೊದಲು ಪ್ರಶ್ನೆಯಾಗಿ ಹೊರಟದ್ದು ಮೂರನೆಯ ಬಾಯಿಗೆ ಬರುವಾಗ ಸಾಕ್ಷಿಯಾಗಿತ್ತು. ಸಲೂಹಾಳನ್ನು ಯಾರೂ ಏನೂ ಕೇಳಲಿಲ್ಲ. ಹೆಂಗಸರು ಅವಳಿಗೆ ಚಹಾ ತಂದುಕೊಟ್ಟರು. "ಪಾಪ, ಒಬ್ಬಳೇ ಬೆಂಕಿಗೆ ಇಳಿದ್ಲಂತೆ," ಎಂದರು. ಅವಳು ಲೋಟವನ್ನು ಹಾಗೇ ಕೆಳಗಿಟ್ಟಳು.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಗಂಡಸರು ದೊಣ್ಣೆ ಹಿಡಿದು ಗುಡ್ಡದ ನೆತ್ತಿಯ ಕಾವಲುಮನೆಗೆ ಹೊರಟರು. ಹಿಂದೆ ಹೆಂಗಸರು. ಜಲ್ಲೂಲ್ ಮುಂದೆ ಇದ್ದ. ಸಲೂಹಾ ಮನೆಯಲ್ಲೇ ಉಳಿಯಬಹುದಿತ್ತು. ಉಳಿದರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ ಎಂಬ ಭಯದಿಂದ ಅವಳೂ ಹೋದಳು. ಹನಿಯಾ ಅವಳ ಪಕ್ಕದಲ್ಲೇ ನಡೆದಳು. ಅವಳ ಹಣೆಯ ಮೇಲಿನ ಕೂದಲು ಸುಟ್ಟು ಸುರುಟಿತ್ತು. ಹಿಂದಿನ ಬೆಳಿಗ್ಗೆ ತಿರುವಿನಲ್ಲಿ ನಡೆದ ಮಾತನ್ನು ಅವಳು ಇನ್ನೂ ಯಾರ ಹತ್ತಿರವೂ ಎತ್ತಿರಲಿಲ್ಲ.

ಕಾವಲುಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಮೊದಲ ಕಲ್ಲಿಗೆ ಕಿಟಕಿ ಒಡೆಯಿತು.

"ಹೊರಗೆ ಬಾರೋ ಸಾಹೇಬ," ಜಲ್ಲೂಲ್ ಕೂಗಿದ. "ಕೇಸು ಬರ್ಕೊಳ್ಳೋಕೆ ಇಡೀ ಊರೇ ಬಂದಿದೆ. ಕಾಗದ ಸಾಲತ್ತಾ ನೋಡು."

"ಮೇಕೆ ಸುಟ್ಟ ವಾಸನೆ ನಿನ್ನ ಮೂಗಿಗೂ ತೋರಿಸ್ತೀವಿ ಬಾ," ಎಂದ ಇನ್ನೊಬ್ಬ.

ಒಳಗಿನಿಂದ ತೀಜಾನಿಯ ದನಿ ಬಂತು. "ನಾನು ಹಚ್ಚಿಲ್ಲ. ಬೆಳಿಗ್ಗೆ ಬಂದು ಒಲೆ ಹಚ್ಬೇಡಿ ಅಂತ ಹೇಳಿದೀನಿ. ಕೇಳಿ ನೋಡಿ."

"ಯಾರನ್ನ ಕೇಳೋಣ? ಹೆಸರು ಹೇಳು," ಎಂದ ಜಲ್ಲೂಲ್. ಒಳಗಿನ ದನಿ ನಿಂತಿತು. ಅವನು ಹೆಸರು ಹೇಳಲಿಲ್ಲ. ಹೇಳಿದ್ದರೂ ಆ ಗಳಿಗೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಅವನಿಗೂ ಗೊತ್ತಿದ್ದಿರಬೇಕು.

ನಾಲ್ಕು ಜನ ಬಾಗಿಲಿಗೆ ಭುಜ ಕೊಟ್ಟರು. ಜಲ್ಲೂಲ್ ಪಕ್ಕದಲ್ಲಿ ನಿಂತಿದ್ದ ಪಿಕಪ್ಪಿನ ಕಡೆ ನಡೆದ. ಅವನ ಕೈಯಲ್ಲಿ ಪೆಟ್ರೋಲ್ ಕ್ಯಾನಿತ್ತು. ಸೀಟಿನ ಮೇಲೂ ಟೈರಿನ ಮೇಲೂ ಸುರಿದು, ಕ್ಯಾನನ್ನು ಎಸೆದು, ಜೇಬಿನಿಂದ ಲೈಟರ್ ತೆಗೆದ.

ಸಲೂಹಾ ಆಗ ನೋಡಿದ್ದು ಲೈಟರನ್ನಲ್ಲ, ಅವನ ಅಂಗಿಯನ್ನು. ಗಾಳಿಗೆ ಅದು ಬೆನ್ನ ಮೇಲೆ ಪಟಪಟ ಬಡಿಯುತ್ತಿತ್ತು. ಶಹೀಲಿ ಇನ್ನೂ ನಿಂತಿರಲಿಲ್ಲ. ಪಿಕಪ್ಪಿನ ಹಿಂದೆ ಮೊಣಕಾಲೆತ್ತರದ ಒಣಹುಲ್ಲು, ಹುಲ್ಲು ಮುಗಿದಲ್ಲಿ ಬೆಂಡಿನ ತೊಗಟೆಯ ಓಕ್ ಮರಗಳು, ಅದರಾಚೆ ಮೇಲಿನ ಕೇರಿಯ ಇಪ್ಪತ್ತು ಮನೆಗಳು. ಮುದುಕರನ್ನೂ ಮಕ್ಕಳನ್ನೂ ಆ ಕೇರಿಯಲ್ಲೇ ಬಿಟ್ಟು ಜನ ಇಲ್ಲಿಗೆ ಬಂದಿದ್ದರು. ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಅವಳು ಓಡಿಹೋಗಿ ಪಿಕಪ್ಪಿಗೆ ಬೆನ್ನು ಕೊಟ್ಟು ನಿಂತಳು. ಪೆಟ್ರೋಲು ಅವಳ ಬಟ್ಟೆಗೆ ಅಂಟಿತು.

"ಜಲ್ಲೂಲ್, ಗಾಳಿ ನೋಡು."

"ಪಕ್ಕಕ್ಕೆ ಬಾ ಅತ್ತಿಗೆ."

"ನಿನ್ನೆ ಬೀಸಿದ್ದೂ ಇದೇ ಗಾಳಿ. ಮೇಲಿನ ಕೇರೀಲಿ ನಿನ್ನ ಮಗಳು ಮಲಗಿದಾಳೆ. ಗಾಳಿ ನೋಡು ಅಂದೆ."

"ಪಕ್ಕಕ್ಕೆ ಬಾ ಅಂದ್ರೆ ಬಾ. ಅಣ್ಣನ್ನ ಕೊಂದೋನ ಗಾಡಿ ಕಾಯ್ತೀಯಾ ನೀನು?"

"ಹಚ್ಚಿದ್ದು ಅವ್ನಲ್ಲ," ಎಂದಳು ಸಲೂಹಾ. "ಬೂದಿ ಚೆಲ್ಲಿದ್ದು ನಾನು. ಒಲೆಯ ಬೂದಿ. ಒಳಗೆ ಕೆಂಡ ಇತ್ತು. ಹಚ್ಬೇಡ ಅಂತ ಹೇಳೋಕೇ ಅವ್ನು ಬಂದಿದ್ದ. ನೀರು ಸುರಿಯೋಕೂ ಬಂದಿದ್ದ. ನಾನು ಬಿಡ್ಲಿಲ್ಲ."

ಬಾಗಿಲಿಗೆ ಭುಜ ಕೊಟ್ಟವರು ತಿರುಗಿದರು.

"ಹೊಗೆ ತಲೆಗೆ ಹತ್ತಿದೆ ಅವಳಿಗೆ," ಜಲ್ಲೂಲ್ ಜೋರಾಗಿ ಎಂದ. "ಒಲೆ ಮುಚ್ಚಿತ್ತು ಅಂತ ನಿನ್ನೆ ನನ್ನ ಹತ್ರಾನೇ ಹೇಳಿದಾಳೆ."

"ಸುಳ್ಳು ಹೇಳ್ದೆ. ನಿಂಗೂ ಗೊತ್ತಿತ್ತು. ನನ್ನ ಕೈ ನೋಡಿದ್ಯಲ್ಲ."

ಜನ ಈಗ ಜಲ್ಲೂಲನ ಕಡೆ ನೋಡಿದರು. ಅವನ ಹೆಬ್ಬೆರಳು ಲೈಟರಿನ ಮೇಲೇ ಇತ್ತು. ಸಾಲಹ್ ಗುಂಪಿನಿಂದ ಹೊರಬಂದು, ಬ್ಯಾಂಡೇಜು ಸುತ್ತಿದ ಎರಡು ಕೈಗಳ ನಡುವೆ ಆ ಲೈಟರನ್ನು ಹಿಡಿದು ಕಿತ್ತುಕೊಂಡ. ಯಾರೂ ತಡೆಯಲಿಲ್ಲ.

ಹನಿಯಾ ನಿಧಾನವಾಗಿ ಸಲೂಹಾಳ ಮುಂದೆ ಬಂದು ನಿಂತಳು.

"ನಾನು ಹಚ್ಲಿಲ್ಲ," ಎಂದಳು. "ಹಿಟ್ಟು ತಗೊಂಡು ಮನೆಗೆ ಹೋದೆ. ನೀನು ನಕ್ಕೆ."

"ಹೌದು."

"ನನ್ನ ಗಿರಾಕಿಗಳ್ನ ನೋಡ್ಕೋತೀನಿ ಅಂದೆ."

"ಹೌದು ಹನಿಯಾ."

ಹನಿಯಾ ಅವಳ ಕೆನ್ನೆಗೆ ಹೊಡೆದಳು. ಒಂದೇ ಏಟು. ಸಲೂಹಾ ಕೈ ಎತ್ತಲಿಲ್ಲ. ಆಮೇಲೆ ಯಾರೋ ಉಗಿದರು, ಯಾರೋ ಅವಳ ತಲೆಯ ಬಟ್ಟೆ ಎಳೆದರು. ಬೆಳಿಗ್ಗೆ ಚಹಾ ಕೊಟ್ಟ ಹೆಂಗಸೇ, "ಅಮ್ಮಾರ್ ಸತ್ತು ಬದುಕಿದ," ಎಂದಳು. ಆದರೆ ದೊಣ್ಣೆಗಳು ಕೆಳಗಿಳಿದಿದ್ದವು. ಪೊಲೀಸ್ ಜೀಪು ಬರುವ ಹೊತ್ತಿಗೆ ಗುಂಪು ಅರ್ಧ ಕರಗಿತ್ತು.

ಸಲೂಹಾ ಹೇಳಿಕೆ ಕೊಟ್ಟಳು. ಬೇಕೆಂದು ಮಾಡಿದ್ದಲ್ಲವೆಂದು ನ್ಯಾಯಾಲಯ ಜೈಲಿಗೆ ಹಾಕಲಿಲ್ಲ, ಅವಳೊಬ್ಬಳು ಇನ್ನು ರಸ್ತೆಯ ಬದಿ ಒಲೆ ಹೂಡಬಾರದೆಂದು ತೀರ್ಪು ಕೊಟ್ಟಿತು. ಊರಿನ ತೀರ್ಪು ಅದಕ್ಕಿಂತ ಬಿಗಿಯಾಗಿತ್ತು. ಬಾವಿಯ ಬಳಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಜಲ್ಲೂಲ್ ಅವಳ ಹೊಸಿಲು ತುಳಿಯುವುದನ್ನು ಬಿಟ್ಟ. ಅವಳು ತನ್ನ ಮೂರು ಮೇಕೆಗಳನ್ನು ಹನಿಯಾಳ ಹೊಸ ದೊಡ್ಡಿಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದಳು. ಸಂಜೆಗೆ ಹನಿಯಾ ಅವನ್ನು ಕಲ್ಲೆಸೆದು ಓಡಿಸಿದ್ದಳು. ಮೇಕೆಗಳು ತಾವೇ ದಾರಿ ಹಿಡಿದು ವಾಪಸ್ಸು ಬಂದವು.

ಚಳಿಗಾಲದಲ್ಲಿ ತೀಜಾನಿ ವರ್ಗ ಮಾಡಿಸಿಕೊಂಡು ಹೊರಟ. ಸಾಮಾನು ತುಂಬಿದ ಗಾಡಿ ಅವಳ ಮನೆಯ ಮುಂದೆ ನಿಂತಿತು. ಅವಳು ಹೊರಬಂದಳು.

"ನಿಂಗೆ ಏನು ಹೇಳಬೇಕೋ ಗೊತ್ತಿಲ್ಲ," ಎಂದಳು.

"ಏನೂ ಹೇಳಬೇಡ. ಒಂದು ದಿನ ತಡ ಮಾಡ್ದೆ ನೀನು. ಊರೋರು ಕಲ್ಲೆಸೆಯೋವಾಗ ನನ್ನ ಹೆಂಡತಿ ಒಳಗೆ ಮಂಚದ ಕೆಳಗೆ ಕೂತಿದ್ಲು." ಅವನು ಸ್ಟೇರಿಂಗ್ ಮೇಲೆ ಕೈಯಿಟ್ಟ. "ನಾನೂ ಅವತ್ತು ಬಕೆಟ್ ವಾಪಸ್ ತಗೊಂಡು ಹೋಗಬಾರದಿತ್ತು. ನಾಲ್ಕು ಜನ ನೋಡ್ತಿದಾರೆ ಅಂತ ಹೋದೆ. ಮುಂದೆ ಬರೋನು ಹೇಗಿರ್ತಾನೋ ಗೊತ್ತಿಲ್ಲ."

ಮುಂದೆ ಬಂದವನಿಗೆ ಮೂರು ಗುಡ್ಡಗಳ ಕಾವಲು. ಅವನ ಗಾಡಿ ಐನ್ ಬಲ್ಲೂತಿನ ಕಡೆ ವಾರಕ್ಕೊಮ್ಮೆ ಸುಳಿದರೆ ಹೆಚ್ಚು.

ಮುಂದಿನ ಬೇಸಿಗೆ, ಜುಲೈ ಕೊನೆಯ ವಾರ ಶಹೀಲಿ ಮತ್ತೆ ಎದ್ದಿತು. ಸಲೂಹಾ ಬೆಳಕು ಹರಿಯುವ ಮೊದಲೇ ಹೊರಟು, ಕೆಳಗಿನ ಸೇತುವೆಯಿಂದ ಮೇಲಕ್ಕೆ ರಸ್ತೆಯ ಒಂದೊಂದು ಒಲೆಯ ಮುಂದೆಯೂ ನಿಂತಳು. "ಇವತ್ತು ಬೇಡ," ಎನ್ನುವುದಷ್ಟೇ ಅವಳ ಮಾತು.

"ಬಂದ್ಲು ನೋಡು ಅರಣ್ಯದ ದೊಡ್ಡ ಸಾಹೇಬಿಣಿ," ಎಂದಳು ಮೊದಲನೆಯವಳು. ಎರಡನೆಯವಳು, "ಗುಡ್ಡ ಸುಟ್ಟೋಳು ನೀನು, ಒಲೆ ಆರಿಸೋಳು ನಾನಾ?" ಎಂದು ಕಡ್ಡಿಯನ್ನು ಇನ್ನಷ್ಟು ತುರುಕಿದಳು. ಸಲೂಹಾ ವಾದ ಮಾಡಲಿಲ್ಲ. ಬಿಟ್ಟೂ ಹೋಗಲಿಲ್ಲ. ಬೈಗುಳ ಮುಗಿಯುವ ತನಕ ಅಲ್ಲೇ ನಿಂತಳು. ಮುಗಿದ ಮೇಲೆ, "ಗಾಳಿ ನಾಳಿದ್ದು ಇಳಿಯತ್ತೆ. ಇವತ್ತು, ನಾಳೆ ಬೇಡ," ಎಂದು ಮತ್ತೆ ಹೇಳಿದಳು. ಒಬ್ಬಳು ಗೊಣಗುತ್ತಾ ಒಲೆ ಮುಚ್ಚಿದಳು. ಇನ್ನೊಬ್ಬಳು ಮುಚ್ಚಲಿಲ್ಲ. ಸಲೂಹಾ ಅವಳ ಒಲೆಯ ಪಕ್ಕ ಎರಡು ಕೊಡ ನೀರು ತಂದಿಟ್ಟು ಮುಂದೆ ಹೋದಳು.

ತಿರುವಿನಲ್ಲಿ ಹನಿಯಾ ಇದ್ದಳು. ಕಡ್ಡಿ ಜೋಡಿಸಿಯಾಗಿತ್ತು, ಹಿಟ್ಟು ಉಬ್ಬಿತ್ತು. ಆ ಏಟಿನ ನಂತರ ಅವರಿಬ್ಬರ ನಡುವೆ ಒಂದು ಮಾತೂ ನಡೆದಿರಲಿಲ್ಲ.

"ಇವತ್ತು ಬೇಡ ಹನಿಯಾ," ಎಂದಳು ಸಲೂಹಾ.

ಹನಿಯಾ ತಲೆಯೆತ್ತಿ ನೋಡಲಿಲ್ಲ. ಬಹಳ ಹೊತ್ತು ಕೈ ಕಟ್ಟಿ ಕೂತಳು. ಗಾಳಿ ಅವಳ ಮುಂದಿನ ಹಿಟ್ಟಿನ ಬಟ್ಟೆಯನ್ನು ಎತ್ತಿ ಹಾಕುತ್ತಿತ್ತು. ಆಮೇಲೆ ಒಲೆಯ ಬಾಯಿಂದ ಕಡ್ಡಿಗಳನ್ನು ಒಂದೊಂದಾಗಿ ಹೊರಗೆಳೆದು, ಪಾತ್ರೆಯನ್ನು ತಲೆಗೇರಿಸಿಕೊಂಡು ಎದ್ದಳು. ಮೇಲಿನ ತಿರುವಿನಲ್ಲಿ ಒಬ್ಬಳು ಆಗಷ್ಟೇ ಒಲೆ ಹೂಡುತ್ತಿದ್ದಳು. ಹನಿಯಾ ಅವಳ ಕಡೆ ತಿರುಗಿ ಕೂಗಿದಳು.

"ಹಚ್ಬೇಡ ಕಣೇ ಇವತ್ತು."

"ಯಾರು ಹೇಳಿದ್ದು?" ಮೇಲಿನಿಂದ ಉತ್ತರ ಬಂತು.

ಹನಿಯಾ ಸಲೂಹಾಳನ್ನು ನೋಡದೆಯೇ ಅವಳ ಪಕ್ಕದಿಂದ ಹಾದು ಏರು ಹತ್ತತೊಡಗಿದಳು.

"ಗೊತ್ತಿರೋಳು ಹೇಳಿದಾಳೆ. ಮುಚ್ಚು."